ದಂಡಿನಲ್ಲಿ ಕೊಡವ ತಕ್ಕ್: ಸಣ್ಣ ನುಡಿಗೆ ಎಷ್ಟು ಜಾಗ ಬೇಕು?



ಈ ಉಪನ್ಯಾಸ ಮಾಲೆಯನ್ನು ನಡೆಸುವ ಸಂಘದವರು ನನಗೆ ಕೊಟ್ಟ ವಿಷಯ ‘ಜಾಗತೀಕರಣ ಮತ್ತು ಮೂಲನಿವಾಸಿಗಳ ನುಡಿ’. ಈ ಮಾತು ಬಂದಾಗ ಸಾಮಾನ್ಯವಾಗಿ ಉತ್ತರ ಧ್ರುವದ ಸುತ್ತಮುತ್ತಲ ಜನರ ಉದಾಹರಣೆ ಕೊಡುತ್ತಾರೆ. ಗ್ರೀನ್‌ಲ್ಯಾಂಡಿನವರು, ಕೆನಡಾದ ಇನುಇಟ್ ಜನ, ನಾರ್ವೆ, ಸ್ವೀಡನ್, ಫಿನ್ಲೆಂಡಿನ ಸಾಮಿ ಜನ. ಅವರ ಸಂಗತಿಯನ್ನು ನಾನೂ ಹೇಳುತ್ತೇನೆ. ಆದರೆ ಅಷ್ಟು ದೂರ ಹೋಗುವ ಮುಂಚೆ ಬೆಂಗಳೂರಿನಲ್ಲೇ ನಮ್ಮ ಪಕ್ಕದ ವಸಂತನಗರಕ್ಕೆ ಹೋಗೋಣ. ಅಲ್ಲಿ ಕೊಡವ ಸಮಾಜದ ಕಟ್ಟಡವಿದೆ. ಅಲ್ಲಿ ಕೇಳಿಬರುವ ಕೊಡಗಿನ ನುಡಿ ಕೊಡವ ತಕ್ಕ್ ಕೂಡ ಧ್ರುವದ ನುಡಿಗಳ ಹಾಗೆಯೇ ಸಣ್ಣದು, ಹಳೆಯದು, ತನ್ನ ನೆಲಕ್ಕೆ ಅಂಟಿಕೊಂಡದ್ದು. ದೊಡ್ಡ ಪ್ರಪಂಚಕ್ಕೆ ಮುಖ ಕೊಟ್ಟು ನಿಂತದ್ದು.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನುಡಿಯೊಂದು ಸಣ್ಣದೆಂಬ ಕಾರಣಕ್ಕೇ ಸಾಯುವುದಿಲ್ಲ. ಕೆಲಸ ಮಾಡಲು ಜಾಗ ಸಿಗದಿದ್ದರೆ ಸೊರಗುತ್ತದೆ. ಆ ಜಾಗದ ಬಹುಪಾಲು ಪಕ್ಕದ ದೊಡ್ಡ ನುಡಿಯವರ ಕೈಯಲ್ಲಿರುತ್ತದೆ. ಕರ್ನಾಟಕದಲ್ಲಿ ಆ ದೊಡ್ಡ ನುಡಿಯವರು ನಾವು, ಕನ್ನಡದವರು.

ಬೆಂಗಳೂರಿನ ಈ ದಂಡಿನವರಿಗೆ, ಅಂದರೆ ಕಂಟೋನ್ಮೆಂಟಿನವರಿಗೆ, ಜಾಗತೀಕರಣ ಹೊಸದಲ್ಲ. 1991ರ ಆರ್ಥಿಕ ನೀತಿ, ಐ.ಟಿ. ಕಂಪನಿಗಳು, ಮಾಲ್‌ಗಳು ಇವೆಲ್ಲ ಮೊನ್ನೆ ಮೊನ್ನೆಯವು. 1809ರಲ್ಲಿ ಶ್ರೀರಂಗಪಟ್ಟಣದ ಬ್ರಿಟಿಷ್ ಪಡೆ ಹಲಸೂರಿನ ಬಳಿಗೆ ಬಂದು ಬೀಡುಬಿಟ್ಟಾಗಲೇ ಇಲ್ಲಿ ಪ್ರಪಂಚ ಬಂದಿಳಿಯಿತು. ಪಡೆಯ ಜೊತೆಗೆ ತಮಿಳು, ತೆಲುಗು, ದಖನಿ, ಇಂಗ್ಲಿಷ್ ಎಲ್ಲವೂ ಬಂದವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷರಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಬಂತು, 1949ರಲ್ಲಿ ಪೇಟೆಯ ಜೊತೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಹೀಗಾಗಿ ಒಂದು ನುಡಿ ತನ್ನ ನೆಲದಲ್ಲೇ ಜಾಗ ಕೇಳುವ ಸ್ಥಿತಿ ಎಂಥದ್ದು ಎಂಬುದು ದಂಡಿನ ಕನ್ನಡಿಗರಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅವರಂಥವರು ಬೆಂಗಳೂರಿನಲ್ಲಿ ಕನ್ನಡಕ್ಕೆ ಜಾಗ ಕೇಳಿ ಬೀದಿಗಿಳಿದದ್ದನ್ನು ಇಲ್ಲಿನ ಹಿರಿಯರು ಕಂಡಿದ್ದಾರೆ.

ಕೊಡಗಿನ ಕಥೆಯೂ ಇದಕ್ಕೆ ಹತ್ತಿರದ್ದೇ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತನ್ನ ಕೈಗೆ ತೆಗೆದುಕೊಂಡಿತು. 1850ರ ದಶಕದಿಂದ ಕಾಫಿ ತೋಟಗಳು ಹಬ್ಬಿದವು. ಇವತ್ತಿಗೂ ಪೊನ್ನಂಪೇಟೆಯ ಬೆಳೆಗಾರ ರೊಬಸ್ಟಾ ಮಾರುವ ಮೊದಲು ಲಂಡನ್ ಮಾರುಕಟ್ಟೆಯ ದರ ನೋಡುತ್ತಾನೆ, ಅರೇಬಿಕಾ ಮಾರುವ ಮೊದಲು ನ್ಯೂಯಾರ್ಕಿನ ದರ. ತೋಟದ ಹಣ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿತು, ಇಂಗ್ಲಿಷ್ ಶಾಲೆ ಸೈನ್ಯಕ್ಕೂ ಸರ್ಕಾರಿ ನೌಕರಿಗೂ ದಾರಿ ಮಾಡಿತು, ಆ ದಾರಿ ಅನೇಕರನ್ನು ಬೆಂಗಳೂರಿಗೆ ಕರೆತಂದಿತು. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ, ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ, ಇಬ್ಬರೂ ಕೊಡವರು. ಅವರ ಮನೆಮಾತಿನ ನಂಟು ಈ ಊರಿಗೆ ಅವರಿಗಿಂತ ಹಳೆಯದು. ಮೇಜರ್ ಆರ್.ಎ. ಕೋಲ್ ಬರೆದ ಕೊಡವ ವ್ಯಾಕರಣ 1867ರಲ್ಲಿ ಅಚ್ಚಾದದ್ದು ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ.

ಈಗ ವಸಂತನಗರದ ಸಮಾಜಕ್ಕೆ ಬರೋಣ. ಅಲ್ಲಿ ನಡೆಯುವ ಮದುವೆಗಳಿಗೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಸಂಸ್ಕೃತ ಮಂತ್ರವಿಲ್ಲ. ಮದುವೆಯನ್ನು ಕಟ್ಟುವುದು ಮಾತು. ಹೆಣ್ಣಿನ ಒಕ್ಕದ ಪರವಾಗಿ ಒಬ್ಬ ಅರುವ, ಗಂಡಿನ ಒಕ್ಕದ ಪರವಾಗಿ ಇನ್ನೊಬ್ಬ ಅರುವ ಎದುರುಬದುರು ನಿಲ್ಲುತ್ತಾರೆ. ಒಕ್ಕವೆಂದರೆ ಒಂದೇ ಮೂಲಪುರುಷನ ಮನೆತನ. ಅರುವನೆಂದರೆ ಆ ಮನೆತನದ ವ್ಯವಹಾರಗಳಿಗೆ ಹೊಣೆ ಹೊತ್ತು ಸಾಕ್ಷಿಯಾಗುವ ಬೇರೆ ಮನೆತನದ ಆಪ್ತ. ಇಬ್ಬರೂ ಗೊತ್ತಾದ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತಾರೆ. ಈ ಹೆಣ್ಣುಮಗಳಿಗೆ ಹೊಸ ಮನೆಯಲ್ಲಿ, ಗದ್ದೆಯಲ್ಲಿ, ದನಕರುಗಳಲ್ಲಿ ಹಕ್ಕು ಕೊಡುತ್ತೀರಾ ಎಂದು ಕೇಳಿ, ಕೊಡುತ್ತೇವೆ ಎನ್ನಿಸಿಕೊಂಡು, ಚಿನ್ನದ ಲೆಕ್ಕದಲ್ಲಿ ಸಣ್ಣ ಸಣ್ಣ ಕಲ್ಲುಗಳನ್ನು ಕೈಗೆ ಕೊಟ್ಟು ಮಾತನ್ನು ಗಟ್ಟಿಮಾಡುತ್ತಾರೆ. ಹೆಣ್ಣು ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಸೇರುವುದು ಈ ಮಾತುಕತೆಯಿಂದ. ಇಲ್ಲಿ ನುಡಿ ಅಲಂಕಾರಕ್ಕೆ ನಿಂತಿಲ್ಲ. ವಕೀಲರೂ ರಿಜಿಸ್ಟ್ರಾರರೂ ಮಾಡುವ ಕೆಲಸವನ್ನು ಅದು ಮಾಡುತ್ತಿದೆ.

ಅದೇ ಮಂಟಪದ ಇನ್ನೊಂದು ಪಕ್ಕಕ್ಕೆ ಕಿವಿಗೊಡಿ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಕುಪ್ಯ ಚೇಲೆ ತೊಟ್ಟು, ಕೊಡವ ಸೀರೆ ಉಟ್ಟು, ವಾಲಗಕ್ಕೆ ಚೆನ್ನಾಗಿಯೇ ಕುಣಿಯುತ್ತಾರೆ. ಉಡುಪು ಉಳಿದಿದೆ, ಕುಣಿತ ಉಳಿದಿದೆ, ಊಟ ಉಳಿದಿದೆ. ಅರುವರು ಆಡುತ್ತಿರುವ ಮಾತು ಅವರಲ್ಲಿ ಹಲವರಿಗೆ ಅರ್ಧಂಬರ್ಧ ಅರ್ಥವಾಗುತ್ತದೆ. ತಾವೇ ಅರುವರಾಗಿ ನಿಂತು ಆಡಬೇಕಾದ ದಿನ ಬಂದರೆ ಕಷ್ಟ. ಒಂದು ಸಂಸ್ಕೃತಿಯ ಕಣ್ಣಿಗೆ ಕಾಣುವ ಭಾಗವನ್ನು ಮಹಾನಗರ ಪ್ರೀತಿಯಿಂದ ಉಳಿಸಿಕೊಳ್ಳುತ್ತದೆ. ಕಿವಿಗೆ ಕೇಳುವ ಭಾಗ ಮೆಲ್ಲಗೆ ಜಾರಿಹೋಗುತ್ತದೆ.

ಜನಗಣತಿಯ ಅಂಕಿ ನೋಡಿ. 2001ರಲ್ಲಿ ಕೊಡವ ನುಡಿಯನ್ನು ಮಾತೃಭಾಷೆ ಎಂದು ಬರೆಸಿದವರು 1,66,187 ಜನ. 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಕಡಿಮೆ. ಅಷ್ಟು ಜನ ಪ್ರಪಂಚ ಬಿಟ್ಟು ಹೋಗಿರಲಾರರು. ನಮೂನೆಯ ಆ ಕಾಲಂನಲ್ಲಿ ಬೇರೆ ನುಡಿಯ ಹೆಸರು ಬಿದ್ದಿರಬೇಕು.

ಇಷ್ಟು ಸಣ್ಣ ನುಡಿಗೆ ಈ ಕಾಲದಲ್ಲಿ ಉಳಿಗಾಲವಿಲ್ಲ ಎಂದು ತಿಳಿದವರೇ ಹೇಳುವುದುಂಟು. ಅದಕ್ಕೆ ಉತ್ತರವಾಗಿ ನಾನು ಧ್ರುವದ ಕಡೆಗೆ ಹೋಗುತ್ತೇನೆ. ಗ್ರೀನ್‌ಲ್ಯಾಂಡಿನ ಒಟ್ಟು ಜನಸಂಖ್ಯೆ ಸುಮಾರು 56 ಸಾವಿರ. ಕೊಡವ ಎಂದು ಬರೆಸಿದವರ ಅರ್ಧದಷ್ಟು. ಅಲ್ಲಿನ ಕಲಾಲ್ಲಿಸುಟ್ ನುಡಿ 2009ರಿಂದ ಆ ನಾಡಿನ ಏಕೈಕ ಅಧಿಕೃತ ಭಾಷೆ. ಸಂಸತ್ತು ನಡೆಯುವುದು ಅದರಲ್ಲಿ, ಶಾಲೆ ನಡೆಯುವುದು ಅದರಲ್ಲಿ, ರೇಡಿಯೊ, ಟಿ.ವಿ. ಮಾತಾಡುವುದು ಅದರಲ್ಲಿ.

ಕೊಡವ, ಕಲಾಲ್ಲಿಸುಟ್ ಎರಡೂ ನುಡಿಗಳ ಚರಿತ್ರೆಯನ್ನು ಅಕ್ಕಪಕ್ಕ ಇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದವರು ಮಿಷನರಿ ಹರ್ಮನ್ ಮೋಗ್ಲಿಂಗ್. ಅದೇ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದರು, ಕೊಡಗಿನ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ಕೊಡವ ನುಡಿಗೆ ಪತ್ರಿಕೆ ಹುಟ್ಟಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ 1861ರಲ್ಲೇ ಅವರ ನುಡಿಯ ಪತ್ರಿಕೆ ಶುರುವಾಯಿತು. ಲಾರ್ಸ್ ಮೊಲ್ಲರ್ ಎಂಬ ಅಲ್ಲಿನವರೇ ಅದನ್ನು ದಶಕಗಳ ಕಾಲ ಸಂಪಾದಿಸಿದರು. ಕೊಡಗಿನಲ್ಲಿ 1921ರಲ್ಲಿ ಪಂದ್ಯಂಡ ಬೆಳ್ಯಪ್ಪನವರು ಹೊರಡಿಸಿದ ‘ಕೊಡಗು’ ವಾರಪತ್ರಿಕೆ ಕನ್ನಡದ್ದು. ಕೊಡವ ತಕ್ಕ್‌ನಲ್ಲೇ ಬರುವ ‘ಬ್ರಹ್ಮಗಿರಿ’ಯಂಥ ವಾರಪತ್ರಿಕೆಗೆ ಇನ್ನೂ ಬಹಳ ಕಾಲ ಕಾಯಬೇಕಾಯಿತು.

ಸಾಹಿತ್ಯದಲ್ಲಿ ಮಾತ್ರ ಕೊಡವರು ಹಿಂದೆ ಬಿದ್ದವರಲ್ಲ. ಹರದಾಸ ಅಪ್ಪಚ್ಚ ಕವಿ ಯಯಾತಿಯ ಕಥೆಯನ್ನು ಕೊಡವ ನಾಟಕವಾಗಿ ಬರೆದದ್ದು 1906ರಲ್ಲಿ. ಸಾಮಿ ಜನರ ಪ್ರಸಿದ್ಧ ಗ್ರಂಥ, ಯೋಹಾನ್ ಟೂರಿಯದ್ದು, ಬಂದದ್ದು 1910ರಲ್ಲಿ. ಗ್ರೀನ್‌ಲ್ಯಾಂಡಿನ ಮೊದಲ ಕಾದಂಬರಿ 1914ರದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡು, ಗಾದೆ, ಕಟ್ಟುಕಟ್ಟಳೆಗಳನ್ನು ಕಲೆಹಾಕಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ್ದು 1924ರಲ್ಲಿ. ಒಂದು ಸಮುದಾಯದವರೇ ಕೂತು ತಮ್ಮ ಜಾನಪದವನ್ನು ಅಷ್ಟು ಶ್ರದ್ಧೆಯಿಂದ ಅಷ್ಟು ಬೇಗ ಸಂಗ್ರಹಿಸಿದ ಉದಾಹರಣೆಗಳು ಭಾರತದಲ್ಲಿ ವಿರಳ. ಪ್ರತಿಭೆಗೆ ಕೊರತೆ ಇರಲಿಲ್ಲ, ಪ್ರೀತಿಗೂ ಇರಲಿಲ್ಲ. ಶಾಲೆ ಕನ್ನಡದಲ್ಲಿತ್ತು, ಕಚೇರಿ ಇಂಗ್ಲಿಷಿನಲ್ಲಿತ್ತು. ಕೊಡವಕ್ಕೆ ಉಳಿದದ್ದು ಮನೆ ಮತ್ತು ಊರವರು ಸೇರುವ ಬಯಲಾದ ಮಂದ್.

ಹಾಗೆಂದು ಧ್ರುವದ ಜನರಿಗೆ ಎಲ್ಲವೂ ಕೈಗೆ ಬಂದು ಬಿದ್ದದ್ದಲ್ಲ. ನಾರ್ವೆಯ ಶಾಲೆಗಳು ತಲೆಮಾರುಗಟ್ಟಲೆ ಸಾಮಿ ಮಕ್ಕಳ ನುಡಿಯನ್ನು ಒರೆಸಿಹಾಕಲು ನೋಡಿದವು. 1951ರಲ್ಲಿ 22 ಗ್ರೀನ್‌ಲ್ಯಾಂಡ್ ಮಕ್ಕಳನ್ನು ‘ನಾಗರಿಕ’ರನ್ನಾಗಿ ಮಾಡಲು ಡೆನ್ಮಾರ್ಕಿಗೆ ಒಯ್ದರು. ಮರಳಿ ಬಂದವರು ಹೆತ್ತವಳ ಜೊತೆ ಮಾತಾಡಲಾರದ ಮಕ್ಕಳಾಗಿದ್ದರು. ಡೆನ್ಮಾರ್ಕಿನ ಪ್ರಧಾನಿ ಅದಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ. ಅಷ್ಟು ಪೆಟ್ಟು ತಿಂದ ಜನ ಜಾಗವನ್ನು ಹೋರಾಡಿಯೇ ಪಡೆದರು.

ಅದರಲ್ಲಿ ಒಂದು ಹಳ್ಳಿಯ ಕಥೆ ಹೇಳಲೇಬೇಕು. ಉತ್ತರ ಕೆನಡಾದಲ್ಲಿ ಇಗ್ಲೂಲಿಕ್ ಎಂಬ ಇನುಇಟ್ ಊರಿದೆ. 1970ರ ದಶಕದಲ್ಲಿ ಉಪಗ್ರಹದ ಮೂಲಕ ಧ್ರುವಪ್ರದೇಶದ ಊರೂರಿಗೆ ಟಿ.ವಿ. ಬಂತು. ಬೇಕೇ ಬೇಡವೇ ಎಂದು ಇಗ್ಲೂಲಿಕ್‌ನ ಜನ ಮತ ಹಾಕಿದರು. 1975ರಲ್ಲಿ ಬೇಡ ಎಂದರು. 1979ರಲ್ಲಿ ಮತ್ತೆ ಕೇಳಿದಾಗಲೂ ಬೇಡ ಎಂದರು. ಅದರಲ್ಲಿ ನಮ್ಮ ಇನುಕ್ಟಿಟುಟ್ ನುಡಿಯ ಕಾರ್ಯಕ್ರಮಗಳಿಲ್ಲ ಎಂಬುದು ಅವರ ಕಾರಣ. 1982ರಲ್ಲಿ ಇನುಇಟ್ ಜನರದ್ದೇ ಪ್ರಸಾರ ಸಂಸ್ಥೆ ಕಾರ್ಯಕ್ರಮ ಶುರುಮಾಡಿದ ಮೇಲಷ್ಟೇ ಟಿ.ವಿ.ಯನ್ನು ಊರೊಳಗೆ ಬಿಟ್ಟುಕೊಂಡರು. ಅದೇ ಊರಿನ ಜಕರಿಯಾಸ್ ಕುನುಕ್ ಎಂಬ ಶಿಲ್ಪಿ 1981ರಲ್ಲಿ ತಾನು ಕೆತ್ತಿದ ಕಲ್ಲಿನ ಬೊಂಬೆಗಳನ್ನು ಮಾಂಟ್ರಿಯಲ್‌ನಲ್ಲಿ ಮಾರಿ, ಆ ದುಡ್ಡಿನಲ್ಲಿ ವೀಡಿಯೊ ಕ್ಯಾಮೆರಾ ಕೊಂಡು ತಂದಿದ್ದ. ಇಪ್ಪತ್ತು ವರ್ಷದ ಮೇಲೆ, 2001ರಲ್ಲಿ, ಪೂರ್ತಿ ಇನುಕ್ಟಿಟುಟ್‌ನಲ್ಲಿ ಅವನು ಮಾಡಿದ ‘ಅಟನಾರ್ಜುಅಟ್’ ಚಿತ್ರ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಪಡೆಯಿತು. ಕಥೆ ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದುಬಂದದ್ದು, ನಟರು ಇನುಇಟ್ ಜನ.

ಆ ಹಳ್ಳಿ ಹೊಸ ತಂತ್ರಜ್ಞಾನಕ್ಕೆ ಬೆನ್ನು ಹಾಕಿರಲಿಲ್ಲ. ಬರಬೇಕಾದರೆ ನಮಗೂ ಜಾಗ ಇಟ್ಟುಕೊಂಡು ಬಾ ಎಂದಿತ್ತು. ಜಾಗತೀಕರಣದ ಎದುರು ಸಣ್ಣ ಸಮುದಾಯವೊಂದು ಹೇಗೆ ನಿಲ್ಲಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉತ್ತರ ಇದು. ಡಿಸ್ನಿ ಕಂಪನಿ ‘ಫ್ರೋಜನ್’ ಚಿತ್ರದ ಎರಡನೇ ಭಾಗಕ್ಕೆ ಸಾಮಿ ಪರಂಪರೆಯನ್ನು ಬಳಸಿಕೊಂಡಾಗಲೂ ಹಾಗೆಯೇ ಆಯಿತು. ಸಾಮಿ ಸಂಸತ್ತುಗಳೂ ಸಾಮಿ ಕೌನ್ಸಿಲ್ಲೂ ಕಂಪನಿಯ ಜೊತೆ ಕರಾರು ಮಾಡಿಕೊಂಡವು, 2019ರಲ್ಲಿ ಆ ಚಿತ್ರ ಉತ್ತರ ಸಾಮಿ ನುಡಿಯಲ್ಲೂ ಬಂತು. ಗ್ರೀನ್‌ಲ್ಯಾಂಡಿನ ನಿವಿಯಾಕ್ ಕೊರ್ನೆಲಿಯುಸೆನ್ ಎಂಬ ಯುವ ಲೇಖಕಿ 2014ರಲ್ಲಿ ತಮ್ಮ ನುಡಿಯಲ್ಲಿ ಕಾದಂಬರಿ ಬರೆದು, ತಾವೇ ಡೇನಿಷ್‌ಗೆ ತಂದರು. ಅಲ್ಲಿಂದ ಅದು ಹಲವು ಭಾಷೆಗಳಿಗೆ ಹೋಯಿತು. ಪ್ರಪಂಚದ ಬಾಗಿಲು ಎರಡೂ ಕಡೆ ತೆರೆಯುತ್ತದೆ. ನಮ್ಮ ನುಡಿಯಲ್ಲೇ ಬರೆದದ್ದು ಇದ್ದರೆ ತಾನೇ ಆಚೆಗೆ ಹೋಗುವುದು?

ಕೊಡವದಲ್ಲಿ ಚಿತ್ರಗಳು ಬಂದಿವೆ. ‘ನಾಡ ಮಣ್ಣೇ ನಾಡ ಕೂಳ್’ 1972ರದ್ದು. ಮಡಿಕೇರಿ ಆಕಾಶವಾಣಿ ಕೊಡವದಲ್ಲೂ ಕೊಡಗಿನ ಇನ್ನೊಂದು ಮಾತಾದ ಅರೆಭಾಷೆಯಲ್ಲೂ ಕಾರ್ಯಕ್ರಮ ಕೊಡುತ್ತದೆ. 1994ರಿಂದ ಕೊಡವ ಸಾಹಿತ್ಯ ಅಕಾಡೆಮಿ ಕೆಲಸ ಮಾಡುತ್ತಿದೆ. ಆದರೆ ಹೊಸ ಕಾಲದ ಜಾಗ ಮೊಬೈಲಿನಲ್ಲಿದೆ, ಕಂಪ್ಯೂಟರಿನಲ್ಲಿದೆ, ಅಲ್ಲಿ ಕೊಡವ ಇನ್ನೂ ಹೊಸ್ತಿಲ ಹೊರಗಿದೆ. 2024ರಲ್ಲಿ ಗೂಗಲ್ ಅನುವಾದ ಸೇವೆ ಒಂದೇ ಸಲಕ್ಕೆ 110 ಭಾಷೆಗಳನ್ನು ಸೇರಿಸಿತು. ಕಲಾಲ್ಲಿಸುಟ್ ಬಂತು, ಉತ್ತರ ಸಾಮಿ ಬಂತು, ನಮ್ಮ ತುಳುವೂ ಬಂತು. ಆ ಪಟ್ಟಿಯಲ್ಲಿ ಕೊಡವ ಇಲ್ಲ. ತುಳುವರು ಅಷ್ಟು ಹೊತ್ತಿಗೆ ತಮ್ಮ ವಿಕಿಪೀಡಿಯವನ್ನು ಕಟ್ಟಿದ್ದರು. ಯಂತ್ರ ಕಲಿಯಬೇಕಾದರೆ ಅದಕ್ಕೆ ಬರೆದ ಪಠ್ಯ ಬೇಕು. ಬರೆಯುವ ಕೆಲಸವನ್ನು ಯಾವ ಕಂಪನಿಯೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಬರೆಯುವುದರಲ್ಲೂ ಒಂದು ತೊಡಕಿದೆ. ಕೊಡವದಲ್ಲಿ ನಾಲಿಗೆಯ ನಡುಭಾಗದಿಂದ ಹೊರಡುವ, ತುಟಿ ದುಂಡಗಾಗದ ಸ್ವರಗಳಿವೆ. ಭಾಷಾವಿಜ್ಞಾನಿ ಎಂ.ಬಿ. ಎಮೆನೋ ಈ ಸ್ವರಗಳ ಮೇಲೆಯೇ 1970ರಲ್ಲಿ ಪ್ರತ್ಯೇಕ ಲೇಖನ ಬರೆದರು. ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ಓದುಗ ಗೊತ್ತಿದ್ದರೆ ಸರಿಯಾಗಿ ಉಚ್ಚರಿಸುತ್ತಾನೆ. ಇಂದಿರಾನಗರದ ಮಗು ಬರೆದದ್ದನ್ನು ನೋಡಿ ಕಲಿಯಲು ಹೊರಟರೆ ತಪ್ಪನ್ನೇ ಕಲಿಯುತ್ತದೆ. ಲಿಪಿಗಾಗಿ ಹಲವರು ದುಡಿದಿದ್ದಾರೆ. ಡಾ. ಐ.ಮಾ. ಮುತ್ತಣ್ಣನವರ ಲಿಪಿಯನ್ನು ಅಕಾಡೆಮಿ 2022ರಲ್ಲಿ ಒಪ್ಪಿಕೊಂಡಿತು. ಇನುಇಟ್ ಜನರಲ್ಲೂ ಒಂದೊಂದು ಸೀಮೆಗೆ ಒಂದೊಂದು ಬರಹ ಇತ್ತು. ಅವರ ರಾಷ್ಟ್ರೀಯ ಸಂಘಟನೆ 2019ರಲ್ಲಿ ಎಲ್ಲರಿಗೂ ಒಂದು ಸಾಮಾನ್ಯ ಬರಹವನ್ನು ಒಪ್ಪಿತು. ಯಾವ ಲಿಪಿಯಾದರೂ ಸರಿ, ಅದು ಮಕ್ಕಳ ಕೀಬೋರ್ಡಿಗೆ ಬರಬೇಕು.

ಎಲ್ಲಕ್ಕಿಂತ ಮುಖ್ಯವಾದ ಜಾಗ ಮನೆ. ಧ್ರುವದಲ್ಲಿ ನುಡಿಯನ್ನು ಬಲವಂತದಿಂದ ಕಿತ್ತುಕೊಂಡರು. ಬೆಂಗಳೂರಿನಲ್ಲಿ ಅದನ್ನು ಕೈಬಿಡಿಸುವುದು ಮಕ್ಕಳ ಮೇಲಿನ ಮಮತೆ. ಅಜ್ಜಿ ಕೊಡವದಲ್ಲಿ ಕೇಳುತ್ತಾರೆ, ಮಗಳು ಕೊಡವದಲ್ಲೇ ಉತ್ತರಿಸುತ್ತಾಳೆ, ಮೊಮ್ಮಗನ ಕಡೆ ತಿರುಗಿದ ಕೂಡಲೇ ಇಬ್ಬರೂ ಇಂಗ್ಲಿಷಿಗೆ ಹೊರಳುತ್ತಾರೆ. ಶಾಲೆ ಇಂಗ್ಲಿಷ್, ಆಟದ ಗೆಳೆಯರು ಹಿಂದಿ, ಅಂಗಡಿ ಬೀದಿ ಕನ್ನಡ ಅಥವಾ ತಮಿಳು. ಇಷ್ಟರ ಮೇಲೆ ಇನ್ನೊಂದನ್ನು ಹೇರುವುದೇಕೆ ಎಂಬುದು ತಾಯಿತಂದೆಯರ ಕಾಳಜಿ. ಆ ಕಾಳಜಿಯನ್ನು ನಾನು ಹಳಿಯಲಾರೆ. ಆದರೆ ಅವರಿಗೆ ಧೈರ್ಯ ಹೇಳಬಲ್ಲೆ. ಶಿವಾಜಿನಗರದ ಮಗು ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಆಡಿಕೊಂಡು ತಲೆಮಾರುಗಳಿಂದ ಬೆಳೆದಿದೆ. ನಾಲ್ಕು ನುಡಿ ಹೊರುವ ಶಕ್ತಿ ದಂಡಿನ ಮಕ್ಕಳಿಗೆ ಯಾವತ್ತೂ ಇತ್ತು.

ಫಿನ್ಲೆಂಡಿನ ಇನಾರಿಯಲ್ಲಿ ಇನಾರಿ ಸಾಮಿ ಆಡುವವರು ಮುನ್ನೂರು ನಾನೂರು ಜನ ಮಾತ್ರ. 1997ರಲ್ಲಿ ಅವರು ‘ಭಾಷಾ ಗೂಡು’ ತೆರೆದರು. ಪುಟ್ಟ ಮಕ್ಕಳ ಶಿಶುವಿಹಾರ ಅದು. ಒಳಗೆ ಬಂದರೆ ಊಟ, ಆಟ, ಜಗಳ ಎಲ್ಲವೂ ಇನಾರಿ ಸಾಮಿಯಲ್ಲೇ. ನಡುವೆ ಒಂದು ತಲೆಮಾರಿಗೆ ನುಡಿ ತಪ್ಪಿಹೋಗಿತ್ತು. ಅದಕ್ಕಾಗಿ 2009ರಲ್ಲಿ ದೊಡ್ಡವರಿಗೂ ಒಂದು ವರ್ಷದ ಪೂರ್ಣ ಪಾಠ ಇಟ್ಟರು. ಕಲಿತವರಲ್ಲಿ ಶಿಕ್ಷಕರೂ ಪತ್ರಕರ್ತರೂ ಹುಟ್ಟಿದರು. ಬೆಂಗಳೂರಿನ ಕೊಡವ ಬಂಧುಗಳಿಗೆ ಕಟ್ಟಡವಿದೆ, ವಿದ್ಯೆಯಿದೆ, ಸಂಘಟನೆಯ ಅನುಭವವಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಒಕ್ಕಗಳ ನಡುವೆ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ತಂಡ, 2024ರಲ್ಲಿ 360. ಹಾಕಿಗೆ ಮಾಡಿದ್ದನ್ನು ನುಡಿಗೂ ಮಾಡಬಲ್ಲವರು ಅವರು.

ಕೊನೆಯದಾಗಿ, ನಮ್ಮ ಪಾಲಿನ ಕೆಲಸ. ಕನ್ನಡ ಆಡುವವರು 2011ರ ಲೆಕ್ಕದಲ್ಲಿ ನಾಲ್ಕು ಕೋಟಿ ಮೂವತ್ತೇಳು ಲಕ್ಷ. ದೆಹಲಿಯ ಪರೀಕ್ಷೆಗಳಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಮಾಲ್‌ನ ಬೋರ್ಡಿನಲ್ಲಿ ನಮಗೆ ಜಾಗ ಬೇಕು ಎಂದು ನಾವು ಕೇಳುತ್ತೇವೆ, ಕೇಳುವುದು ನ್ಯಾಯ. ಅದೇ ನ್ಯಾಯ ಕೊಡಗಿನ ಶಾಲೆಯಲ್ಲಿ ಕೊಡವಕ್ಕೂ ಸಲ್ಲಬೇಕು. ತುಳುವನ್ನು ಕರಾವಳಿಯ ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ಕಲಿಸುತ್ತಿದ್ದೇವೆ, ಅದರಿಂದ ಕನ್ನಡಕ್ಕೆ ಏನೂ ಕುಂದಾಗಿಲ್ಲ. ಕೊಡವ ನುಡಿ ಕೊಡವರೊಬ್ಬರದ್ದಲ್ಲ ಎಂಬುದನ್ನೂ ಮರೆಯಬಾರದು. ಹೆಗ್ಗಡೆ, ಐರಿ, ಕೋಯವ, ಕೆಂಬಟ್ಟಿ ಮುಂತಾದ ಹಲವು ಸಮುದಾಯಗಳ ಮನೆಮಾತು ಅದು. ಅದೇ ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಯರವರ, ಜೇನುಕುರುಬರ, ಬೆಟ್ಟಕುರುಬರ ನುಡಿಗಳಿಗೆ ಅಕಾಡೆಮಿಯೂ ಇಲ್ಲ, ಪತ್ರಿಕೆಯೂ ಇಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳ ಹೆಸರನ್ನು ಜನಗಣತಿಯ ಭಾಷಾಪಟ್ಟಿ ಅಚ್ಚುಮಾಡುವುದೂ ಇಲ್ಲ. ಕನ್ನಡ ಕೊಡವಕ್ಕೆ ಜಾಗ ಕೊಡಬೇಕು ಎನ್ನುವವನು, ಕೊಡವವೂ ಯರವ ನುಡಿಗೆ ಜಾಗ ಕೊಡಲಿ ಎಂದು ಹೇಳಲೇಬೇಕಾಗುತ್ತದೆ.

ಆದ್ದರಿಂದ ಈ ಸಂಘದ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಈ ಉಪನ್ಯಾಸ ಮಾಲೆಯಲ್ಲಿ ವರ್ಷಕ್ಕೆ ಒಂದು ಸಂಜೆಯನ್ನು ಕರ್ನಾಟಕದ ಒಂದೊಂದು ಸಣ್ಣ ನುಡಿಗೆ ಬಿಟ್ಟುಕೊಡಿ. ಅದರ ಬಗ್ಗೆ ನನ್ನಂಥವರು ಕನ್ನಡದಲ್ಲಿ ಮಾತಾಡುವುದು ಬೇಡ. ಆ ನುಡಿಯವರೇ ಬಂದು, ಆ ನುಡಿಯಲ್ಲೇ ಒಂದು ಗಂಟೆ ಮಾತಾಡಲಿ, ಹಾಡಲಿ, ಆಮೇಲೆ ಕನ್ನಡದಲ್ಲಿ ಸಾರಾಂಶ ಹೇಳಲಿ. ಮೊದಲ ವರ್ಷ ಕೊಡವ ತಕ್ಕ್, ಎರಡನೇ ವರ್ಷ ಶಿವಾಜಿನಗರದ ದಖನಿ, ಮೂರನೇ ವರ್ಷ ಯರವ ನುಡಿ. ಧ್ವನಿಮುದ್ರಿಸಿ, ಬರೆದಿಟ್ಟು, ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇಡಿ. ಮುಂದಿನ ಜನಗಣತಿಯವರು ಮನೆಬಾಗಿಲಿಗೆ ಬಂದಾಗ ನಿಮ್ಮ ಪಕ್ಕದ ಮನೆಯ ಕೊಡವ ಬಂಧುಗಳಿಗೆ ಆ ಕಾಲಂನಲ್ಲಿ ಕೊಡವ ಎಂದೇ ಬರೆಸಿ ಎಂದು ಹೇಳಿ. ತನ್ನ ಜಾಗಕ್ಕಾಗಿ ಹೋರಾಡಿ ಗೆದ್ದ ಕನ್ನಡಕ್ಕೆ ಇಷ್ಟು ಜಾಗ ಬಿಟ್ಟುಕೊಡುವುದು ಭಾರವಲ್ಲ, ಅದು ಅದರ ಹೊಣೆ.